ಹೊಲದ ಬಾಟಲಿಗೆ ಕನ್ನಡ, ತಲೆಯ ಬಾಟಲಿಗೆ ಇಂಗ್ಲಿಷ್

ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯಲ್ಲಿ ಕೀಟನಾಶಕದ ಬಾಟಲಿ ಕೊಂಡರೆ ಜತೆಗೊಂದು ಮಡಿಸಿಟ್ಟ ಚೀಟಿ ಬರುತ್ತದೆ. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು, ಕನ್ನಡವೂ ಸರ್ಕಾರಿ ಸುತ್ತೋಲೆಯ ಕನ್ನಡ. ಆದರೂ ಯಾವ ಬೆಳೆಗೆ, ಯಾವ ಹುಳಕ್ಕೆ, ಹೆಕ್ಟೇರಿಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು, ಮೈಮೇಲೆ ಚೆಲ್ಲಿದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಓದು ಬಾರದವರಿಗೂ ತಿಳಿಯಲೆಂದು ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನದ ಗುರುತು ಬೇರೆ. ಇದು ಕಂಪನಿಯವರ ಔದಾರ್ಯವಲ್ಲ. ಮಾಲು ಮಾರಾಟವಾಗುವ ಕಡೆಯ ಭಾಷೆಯಲ್ಲೂ ಲೇಬಲ್ ಮತ್ತು ಚೀಟಿ ಇರಲೇಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ.

ಅದೇ ಬೀದಿಯಲ್ಲಿ ಇನ್ನಷ್ಟು ಮುಂದೆ ಹೋಗಿ ಮೆಡಿಕಲ್ ಶಾಪಿನಲ್ಲಿ ಹೇನಿನ ಲೋಷನ್ ಕೇಳಿದರೆ ಕೈಗೆ ಬರುವುದು ಇಂಗ್ಲಿಷ್ ಮಾತ್ರ ಇರುವ ಪುಟ್ಟ ಬಾಟಲಿ. ಔಷಧದ ಲೇಬಲ್ಲಿನಲ್ಲಿ ಪ್ರಾದೇಶಿಕ ಭಾಷೆ ಇರಬೇಕೆಂಬ ಕಡ್ಡಾಯ 1945ರ ಔಷಧ ನಿಯಮಗಳಲ್ಲಿಲ್ಲ. ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಮತ್ತೆ ಯಾವಾಗ ಹಚ್ಚಬೇಕು? ಅಂಗಡಿಯ ಹುಡುಗ ಗಿರಾಕಿಗಳ ನಡುವೆ ಹೇಳಿದ ಒಂದು ಮಾತೇ ಆಧಾರ: 'ತಲೆಗೆ ಹಚ್ಚಿ ತೊಳೀರಿ.' ಮೆಣಸಿನ ಗಿಡಕ್ಕೆ ಸಿಗುವ ವಿವರಣೆ ಮಗಳ ತಲೆಗೆ ಸಿಗುವುದಿಲ್ಲ. ಇದು ಸರಿಯಾಗಬೇಕು. ಏಕೆಂದರೆ ಆ ಪುಟ್ಟ ಬಾಟಲಿಯಲ್ಲಿರುವುದೂ ಕೀಟನಾಶಕವೇ.

ಈ ಮಾತು ಹಾವೇರಿ ಜಿಲ್ಲೆಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಹತ್ತಿ, ಮೆಣಸಿನಕಾಯಿ, ತರಕಾರಿ ಬೀಜೋತ್ಪಾದನೆ ಮಾಡಿಕೊಂಡು ಬಂದ ಇಲ್ಲಿನ ರೈತರಿಗೆ ಸೈಪರ್‌ಮೆಥ್ರಿನ್, ಎಮಾಮೆಕ್ಟಿನ್, ಸ್ಪೈನೋಸ್ಯಾಡ್, ಮೆಲಾಥಿಯನ್ ಎಂಬ ಹೆಸರುಗಳು ನಂಟರ ಹೆಸರಿನಷ್ಟೇ ಬಳಕೆಯವು. ಹೇನಿನ ಮದ್ದುಗಳ ಪಟ್ಟಿ ತೆಗೆದರೆ ಅದೇ ಮನೆತನಗಳು ಕಾಣುತ್ತವೆ. ಎಲ್ಲರಿಗಿಂತ ಹೆಚ್ಚು ಬಳಕೆಯಲ್ಲಿರುವ ಪರ್‌ಮೆಥ್ರಿನ್, ಸೈಪರ್‌ಮೆಥ್ರಿನ್‌ನ ಒಡಹುಟ್ಟು. 2012ರಲ್ಲಿ ಅಮೆರಿಕದಲ್ಲಿ ಹೇನಿಗೆಂದು ಒಪ್ಪಿಗೆ ಪಡೆದ ಐವರ್‌ಮೆಕ್ಟಿನ್ ಲೋಷನ್ನೂ ಮೆಣಸಿನ ಕಾಯಿಕೊರಕಕ್ಕೆ ಹೊಡೆಯುವ ಎಮಾಮೆಕ್ಟಿನ್ನೂ ಒಂದೇ ಮೂಲದವು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಾಣುವಿನಿಂದ ಹುಟ್ಟಿದ ಆ ಸಂಶೋಧನೆಗೆ 2015ರ ನೊಬೆಲ್ ಬಂದಿದೆ. ಸ್ಪೈನೋಸ್ಯಾಡ್‌ಗಂತೂ ಹೆಸರು ಕೂಡ ಬದಲಾಗಿಲ್ಲ: ಬ್ಯಾಡಗಿಯ ಹೊಲದಲ್ಲಿ ಥ್ರಿಪ್ಸ್ ನುಸಿಗೆ, ಅಮೆರಿಕದ ಮಕ್ಕಳ ತಲೆಯಲ್ಲಿ ಹೇನಿಗೆ.

ಹಾಗಾದರೆ ಹೊಲಕ್ಕೆ ತಂದದ್ದರಲ್ಲೇ ಒಂದು ಮುಚ್ಚಳ ತಲೆಗೂ ಹಾಕಿದರೆ ಏನಾಯಿತು? ಹೆದರಬೇಕಾದ ಪ್ರಶ್ನೆ ಇದೇ. ಹೆಸರು ಒಂದೇ ಇದ್ದರೂ ಸರಕು ಬೇರೆ. ಹೇನಿನ ಮೆಲಾಥಿಯನ್ ಲೋಷನ್ನಿನಲ್ಲಿ ವಿಷದ ಪ್ರಮಾಣ 0.5%, ಹೊಲದ ಬಾಟಲಿಯಲ್ಲಿ 50%: ನೂರು ಪಟ್ಟು. ತಲೆಯ ಸ್ಪೈನೋಸ್ಯಾಡ್ 0.9%, ಗಿಡದ್ದು 45%: ಐವತ್ತು ಪಟ್ಟು. ಪರ್‌ಮೆಥ್ರಿನ್ ಲೋಷನ್ 1%, ಹೊಲದ ಸೈಪರ್‌ಮೆಥ್ರಿನ್ 10 ಇಲ್ಲವೇ 25%, ಅದೂ ಪರ್‌ಮೆಥ್ರಿನ್‌ಗಿಂತ ಖಾರವಾದ ಅಣು. ನೀರು ಬೆರೆಸಿ ತೆಳುವಾಗಿಸಿದರೂ ಲೆಕ್ಕ ಸರಿಹೋಗುವುದಿಲ್ಲ. ಹೊಲದ ಅನೇಕ ಔಷಧಿಗಳಲ್ಲಿ ವಿಷವನ್ನು ಕರಗಿಸಿಡಲೆಂದು ಪೆಟ್ರೋಲಿಯಂ ಜಾತಿಯ ದ್ರಾವಕಗಳನ್ನು ಸೇರಿಸಿರುತ್ತಾರೆ. ಅವು ಚರ್ಮ ಸುಡುತ್ತವೆ, ವಿಷವನ್ನು ಒಳಕ್ಕೂ ಸಾಗಿಸುತ್ತವೆ. ಹೇನಾದ ತಲೆ ಹೇಗಿರುತ್ತದೆ? ಕೆರೆದು ಕೆರೆದು ಗಾಯವಾಗಿರುತ್ತದೆ. ಆ ಗಾಯಗಳೇ ವಿಷಕ್ಕೆ ತೆರೆದ ಬಾಗಿಲು.

ಮೆಲಾಥಿಯನ್, ಮೋನೋಕ್ರೋಟೋಫಾಸ್ ಗುಂಪಿನ ವಿಷ ಮೈಗಿಳಿದರೆ ಜೊಲ್ಲು, ಬೆವರು, ವಾಂತಿ ಶುರುವಾಗುತ್ತವೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ಬಟ್ಟೆ ಕಳಚಿ, ತಲೆ-ಮೈಯನ್ನು ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆದು, ಬಾಟಲಿಯನ್ನೂ ಜತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ತೊಳೆಯುವವರೂ ಕೈಗವಸು ಹಾಕಿಕೊಳ್ಳಬೇಕು. ಬೈಯುತ್ತಾರೆಂದು ಬಾಟಲಿ ಬಚ್ಚಿಟ್ಟರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಪರ್‌ಮೆಥ್ರಿನ್ ವಿಚಾರಕ್ಕೆ ಬರೋಣ. ಇದರ ಅಜ್ಜನಂತಿರುವ ಪೈರೆಥ್ರಮ್, ಸೇವಂತಿಗೆಯ ಬಳಗದ ಒಂದು ಬಿಳಿ ಹೂವಿನಿಂದ ಸಿಗುವ ಪುಡಿ. ಅದಕ್ಕೆ ಬಿಸಿಲು ತಡೆಯುವ ಶಕ್ತಿ ಇರಲಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ತಂಡ 1973ರಲ್ಲಿ ಬಿಸಿಲಿಗೂ ಬಾಡದ ಪರ್‌ಮೆಥ್ರಿನ್ ರೂಪಿಸಿತು. ಕೀಟದ ನರಗಳಲ್ಲಿ ಸೋಡಿಯಂ ಒಳಬಿಡುವ ಸಣ್ಣ ದ್ವಾರಗಳಿವೆ. ಪರ್‌ಮೆಥ್ರಿನ್ ಅವನ್ನು ಮುಚ್ಚಗೊಡುವುದಿಲ್ಲ. ನರ ಸುಮ್ಮನಿರಲಾರದೆ ಮಿಡಿದು ಮಿಡಿದು ಕೀಟ ಸೆಟೆದು ಸಾಯುತ್ತದೆ. ಮನುಷ್ಯರ ನರದಲ್ಲೂ ಅಂಥ ದ್ವಾರಗಳಿವೆಯಲ್ಲ ಎಂದರೆ, ಇವೆ. ಆದರೆ ಅವು ಈ ಮದ್ದಿಗೆ ಅಷ್ಟಾಗಿ ಬಗ್ಗುವುದಿಲ್ಲ. ಚರ್ಮದ ಮೂಲಕ ಒಳಹೋಗುವುದೂ ಹಚ್ಚಿದ್ದರಲ್ಲಿ 2 ಪ್ರತಿಶತಕ್ಕಿಂತ ಕಡಿಮೆ, ಹೋದದ್ದನ್ನು ದೇಹ ಬೇಗ ಒಡೆದು ಮೂತ್ರದಲ್ಲಿ ಕಳಿಸುತ್ತದೆ. ಎರಡು ತಿಂಗಳು ತುಂಬಿದ ಮಗುವಿಗೂ 1% ಲೋಷನ್ ಹಚ್ಚಬಹುದೆಂದು ವೈದ್ಯಲೋಕ ಒಪ್ಪಿರುವುದು ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಿದೆ, ಭಾರತದ 2022ರ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಆದರೆ ಮೀನಿಗೆ ಮತ್ತು ಬೆಕ್ಕಿಗೆ ಇದು ಕಡುವಿಷ. ತಲೆ ತೊಳೆದ ನೀರು ಕೆರೆ, ಹಳ್ಳ ಸೇರಬಾರದು.

ಇಷ್ಟು ಸುರಕ್ಷಿತವಾದ ಮದ್ದು ಕೆಲಸಕ್ಕೆ ಬಾರದೆ ಹೋಗುವುದು ಬಚ್ಚಲುಮನೆಯಲ್ಲಿ. ಶನಿವಾರ ರಾತ್ರಿ ಕೊಬ್ಬರಿ ಎಣ್ಣೆ ಜಿಡ್ಡಾಗುವಂತೆ ಹಚ್ಚಿ, ಭಾನುವಾರ ಬೆಳಗ್ಗೆ ಆ ಎಣ್ಣೆಯ ಮೇಲೆಯೇ ಲೋಷನ್ ಸುರಿಯುವುದು ರೂಢಿ. ಎಣ್ಣೆ ಇದ್ದ ಕೂದಲಿಗೆ ಮದ್ದು ಅಂಟುವುದಿಲ್ಲ. ಮೊದಲು ಕಂಡಿಷನರ್ ಇಲ್ಲದ ಶಾಂಪೂ ಹಾಕಿ ತೊಳೆದು, ಟವೆಲ್ಲಿನಲ್ಲಿ ಒರೆಸಿ, ಕೂದಲು ತುಸು ಹಸಿಯಾಗಿರುವಾಗಲೇ ಬುಡದಿಂದ ತುದಿಯವರೆಗೆ ಹಚ್ಚಬೇಕು. ಕಿವಿಯ ಹಿಂದೆ, ಕತ್ತಿನ ಮೇಲೆ ಮರೆಯದೆ ಹಚ್ಚಬೇಕು, ಹೇನಿಗೆ ಅಲ್ಲಿನ ಬೆಚ್ಚಗಿನ ಜಾಗ ಇಷ್ಟ. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಸಾಯುತ್ತವೆಂದು ಬಟ್ಟೆ ಕಟ್ಟಿ ರಾತ್ರಿಯಿಡೀ ಮಲಗಿಸುವವರಿದ್ದಾರೆ. ಅದರಿಂದ ಹೆಚ್ಚುವುದು ತುರಿಕೆ ಮತ್ತು ಉರಿ ಮಾತ್ರ. ತೊಳೆಯುವಾಗ ಮಗುವನ್ನು ಬಗ್ಗಿಸಿ, ಕಣ್ಣಿಗೆ ಬಟ್ಟೆ ಒತ್ತಿ ಹಿಡಿದು, ತಲೆಯನ್ನಷ್ಟೇ ತೊಳೆಯಬೇಕು. ಆಮೇಲೆ ಒಂದೆರಡು ದಿನ ತಲೆಸ್ನಾನ ಬೇಡ. ಕೂದಲಿಗೆ ಅಂಟಿ ಉಳಿದ ಮದ್ದು ಆಗ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಎರಡನೇ ಸಲ. ಪರ್‌ಮೆಥ್ರಿನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರಿನೊಳಗಿನದನ್ನು ಕೊಲ್ಲುವುದಿಲ್ಲ. ಸೀರು ಒಡೆಯಲು ಏಳರಿಂದ ಒಂಬತ್ತು ದಿನ ಬೇಕು. ಮರಿ ಬೆಳೆದು ಮತ್ತೆ ಸೀರಿಡಲು ಇನ್ನೂ ಹತ್ತು ದಿನದ ಹತ್ತಿರ ಬೇಕು. ಈ ನಡುವಿನ ಕಿಂಡಿಯೇ ಒಂಬತ್ತನೇ ದಿನ. ಅವತ್ತು ಮತ್ತೊಮ್ಮೆ ಹಚ್ಚಿದರೆ ಹೊಸ ಮರಿಗಳು ಸೀರಿಡುವ ಮೊದಲೇ ಸಾಯುತ್ತವೆ. ಮೊದಲ ಸಲಕ್ಕೇ ಬಾಟಲಿ ಖಾಲಿಯಾಯಿತು, ಹೇನೂ ಕಾಣುತ್ತಿಲ್ಲ, ಇನ್ನೇಕೆ ಎಂದು ಬಿಟ್ಟರೆ ಮೂರೇ ವಾರದಲ್ಲಿ ಮೊದಲಿನ ಕಥೆ. ಒಂದು ಹೆಣ್ಣು ಹೇನು ದಿನಕ್ಕೆ ಆರೆಂಟು ಸೀರಿಡುತ್ತದೆ. ಉದ್ದ ಜಡೆಗೆ ಒಂದು ಸಣ್ಣ ಬಾಟಲಿ ಸಾಲುವುದೂ ಇಲ್ಲ. ಒಂದೇ ಬಾಟಲಿಯನ್ನು ಮೂವರು ಮಕ್ಕಳಿಗೆ ಹಂಚಿದರೆ ಮೂವರಲ್ಲೂ ಅರೆಜೀವದ ಹೇನು ಉಳಿಯುತ್ತದೆ.

ಅರೆಮದ್ದಿನ ಫಲವೇನೆಂದು ಹತ್ತಿ ಬೆಳೆದವರಿಗೆ ಪಾಠ ಹೇಳಬೇಕಿಲ್ಲ. 1980ರ ದಶಕದ ಆರಂಭದಲ್ಲಿ ಪರ್‌ಮೆಥ್ರಿನ್ ಬಳಗದ ಪೈರೆಥ್ರಾಯ್ಡ್ ಔಷಧಿಗಳು ಹತ್ತಿಯ ಹೊಲಕ್ಕೆ ಬಂದಾಗ ಕಾಯಿಕೊರಕ ಉದುರುದುರಿ ಬೀಳುತ್ತಿತ್ತು. 1987ರ ಹೊತ್ತಿಗೆ ಆಂಧ್ರದ ಗುಂಟೂರು, ಪ್ರಕಾಶಂ ಕಡೆ ಎಷ್ಟು ಹೊಡೆದರೂ ಹುಳ ಸಾಯಲಿಲ್ಲ, ಸಾಲ ತೀರಿಸಲಾಗದ ರೈತರೇ ಸತ್ತರು. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಕಪ್ಪು ಥ್ರಿಪ್ಸ್ ನುಗ್ಗಿದಾಗಲೂ ಅಷ್ಟೇ, ಡಬ್ಬಿಯ ಮೇಲೆ ಡಬ್ಬಿ ಸುರಿದರೂ ಹೂವು ಉಳಿಯಲಿಲ್ಲ. ಹೇನಿನಲ್ಲೂ ಇದೇ ನಡೆದಿದೆ. ನರದ ಆ ಸೋಡಿಯಂ ದ್ವಾರವೇ ತುಸು ರೂಪ ಬದಲಿಸಿಕೊಂಡು ಮದ್ದು ಅಂಟಿಕೊಳ್ಳಲು ಬಿಡುವುದಿಲ್ಲ. ಅಮೆರಿಕದ 48 ರಾಜ್ಯಗಳಿಂದ ಹೇನು ಕೂಡಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪ್ರತಿರೋಧದ ಆ ವಂಶವಾಹಿ ಸರಾಸರಿ 98 ಪ್ರತಿಶತ ಕಂಡುಬಂತು. ಸರಿಯಾಗಿ ಹಚ್ಚಿ ಎಂಟು-ಹನ್ನೆರಡು ಗಂಟೆಯಾದರೂ ಹೇನು ಮೊದಲಿನಷ್ಟೇ ಚುರುಕಾಗಿ ಓಡಾಡುತ್ತಿದ್ದರೆ ಅದೇ ಮದ್ದನ್ನು ಇಮ್ಮಡಿ ಸುರಿಯಬಾರದು, ವೈದ್ಯರನ್ನು ಕೇಳಿ ಬೇರೆ ಗುಂಪಿನದಕ್ಕೆ ಹೋಗಬೇಕು. ನಿಧಾನವಾಗಿ ತೂರಾಡುತ್ತಿದ್ದರೆ ಗಾಬರಿ ಬೇಡ, ಮದ್ದು ಕೆಲಸ ಮಾಡುತ್ತಿದೆ.

ಕೇಳಬಾರದ ಬಾಟಲಿಯೂ ಒಂದಿದೆ. ಹಿಂದಿನ ತಲೆಮಾರಿನವರಿಗೆ ಗಮ್ಯಾಕ್ಸಿನ್ ಪುಡಿ ಗೊತ್ತು: ತಿಗಣೆಗೆ, ಇರುವೆಗೆ, ದನದ ಉಣ್ಣೆಗೆ, ಕಾಳಿನ ಚೀಲಕ್ಕೆ, ಹೇನಿಗೆ ಎಲ್ಲಕ್ಕೂ ಅದೇ. ಅದರಲ್ಲಿ ಕೊಲ್ಲುವ ಅಂಶದ ಹೆಸರು ಲಿಂಡೇನ್. ಕೊಬ್ಬಿನಲ್ಲಿ ಕೂಡಿಕೊಳ್ಳುವ, ಮಿದುಳಿಗೆ ಏರಿದರೆ ಫಿಟ್ಸ್ ಬರಿಸುವ ವಸ್ತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಗತ್ತಿನ ಕೆಟ್ಟ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಭಾರತ 2011ರಲ್ಲಿ ತಯಾರಿಕೆಯನ್ನೂ 2013ರಿಂದ ಕೃಷಿ ಬಳಕೆಯನ್ನೂ ನಿಲ್ಲಿಸಿತು. ಆದರೆ ಆ ನಿಷೇಧ ಕೀಟನಾಶಕ ಕಾಯ್ದೆಯಡಿಯದು, ಔಷಧಕ್ಕೆ ತಟ್ಟಲಿಲ್ಲ. ಸ್ಟಾಕ್‌ಹೋಮ್ ಒಪ್ಪಂದವೂ ಹೇನು, ಕಜ್ಜಿಗೆ ಎರಡನೇ ಹಂತದ ಚಿಕಿತ್ಸೆಯಾಗಿ ಬಳಸಲು ಒಂದಷ್ಟು ಕಾಲ ವಿನಾಯಿತಿ ಕೊಟ್ಟಿತ್ತು. ಹೊಲಕ್ಕೆ ಬೇಡವಾದದ್ದು ಮಕ್ಕಳ ನೆತ್ತಿಗೆ ನಡೆಯುತ್ತದೆಂಬ ತರ್ಕ ವಿಚಿತ್ರವೇ. ಕ್ಯಾಲಿಫೋರ್ನಿಯಾ 2002ರಲ್ಲೇ ಔಷಧವಾಗಿಯೂ ಇದನ್ನು ನಿಷೇಧಿಸಿತು. ಲೇಬಲ್ಲಿನಲ್ಲಿ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂದು ಬರೆದಿದ್ದರೆ ಅದು ಗಮ್ಯಾಕ್ಸಿನ್ನಿನ ವೇಷವೇ. ಪರ್‌ಮೆಥ್ರಿನ್ ಸಿಗುವಾಗ ಅದನ್ನು ಮಕ್ಕಳಿಗೆ ಹಚ್ಚುವ ಅಗತ್ಯವೇ ಇಲ್ಲ. ಅದರಂತೆ, ಕಜ್ಜಿಗೆ ಕೊಡುವ ಪರ್‌ಮೆಥ್ರಿನ್ ಕ್ರೀಮು 5% ಇರುತ್ತದೆ, ಹೇನಿಗೆ ಬೇಕಾದದ್ದು 1%. ಅಂಗಡಿಯಲ್ಲಿ ಮದ್ದಿನ ಹೆಸರಿನ ಜತೆಗೆ ಈ ಅಂಕಿಯನ್ನೂ ನೋಡಿಕೊಳ್ಳಬೇಕು.

ಮನೆಮದ್ದು ಎಂದಾಕ್ಷಣ ನಿರಪಾಯ ಎಂದು ತಿಳಿಯುವುದೂ ತಪ್ಪು. ಸೀತಾಫಲದ ಬೀಜ ಅರೆದು ಹಚ್ಚುವುದು ನಮ್ಮ ಕಡೆ ಹಳೆಯ ಪದ್ಧತಿ, ಹೇನನ್ನು ಅದು ಕೊಲ್ಲುವುದೂ ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಪ್ಪುಗುಡ್ಡೆಯ ಮೇಲ್ಪದರ ಕಿತ್ತುಬರುತ್ತದೆ. ಹೀಗೆ ಕಣ್ಣು ಕೆಡಿಸಿಕೊಂಡು ಬಂದವರ ಬಗ್ಗೆ ದೇಶದ ನೇತ್ರವೈದ್ಯರು ಬರೆದಿದ್ದಾರೆ. ಸೀಮೆಎಣ್ಣೆ ಇನ್ನೂ ಕೆಟ್ಟದ್ದು. ಹಂಡೆಯ ಒಲೆ ಉರಿಯುವ ಬಚ್ಚಲಲ್ಲಿ ಸೀಮೆಎಣ್ಣೆ ಹಚ್ಚಿದ ತಲೆ ಎಂದರೆ ಬೇರೆ ವಿವರಣೆ ಬೇಕಿಲ್ಲ. ಮದ್ಯಸಾರ ತುಂಬಿರುವ ಮೆಲಾಥಿಯನ್ ಲೋಷನ್ನಿಗೂ ಇದೇ ಎಚ್ಚರಿಕೆ.

ಇಷ್ಟೆಲ್ಲದರ ನಡುವೆ ಅಡ್ಡಪರಿಣಾಮವೇ ಇಲ್ಲದ, ಯಾವ ಹೇನೂ ಪ್ರತಿರೋಧ ಬೆಳೆಸಿಕೊಳ್ಳಲಾರದ ಸಾಧನ ಸೀರಣಿಗೆ. ಹಸಿ ಕೂದಲಿಗೆ ಧಾರಾಳ ಎಣ್ಣೆ ಇಲ್ಲವೇ ಕಂಡಿಷನರ್ ಹಚ್ಚಿ, ಎಳೆ ಎಳೆಯಾಗಿ ವಿಂಗಡಿಸಿ, ಬುಡದಿಂದ ತುದಿಗೆ ಎಳೆದು ಬಿಳಿ ಬಟ್ಟೆಗೆ ಒರೆಸುತ್ತ ಹೋಗಬೇಕು. ಎರಡು ಮೂರು ದಿನಕ್ಕೊಮ್ಮೆ, ಎರಡು ಮೂರು ವಾರ. ಎಣ್ಣೆ ಹಚ್ಚುವ ದಿನ ಬೇರೆ, ಲೋಷನ್ ದಿನ ಬೇರೆ ಎಂಬುದಿಷ್ಟು ನೆನಪಿದ್ದರೆ ಅಜ್ಜಿಯ ಉಪಾಯವೂ ಅಂಗಡಿಯ ಮದ್ದೂ ಜಗಳವಾಡುವುದಿಲ್ಲ. ತೊಂದರೆ ಎಂದರೆ ಇದಕ್ಕೆ ಸಮಯ ಬೇಕು, ಕೈ ಬೇಕು, ಬೆಳಕು ಬೇಕು.

ಆ ಸಮಯ ಯಾರ ಬಳಿ ಇದೆ? ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಗ್ಗೆಯೇ ಪರಾಗ ಮುಟ್ಟಿಸಬೇಕು. ಆ ಕ್ರಾಸಿಂಗ್ ಕೆಲಸ ಒಂದು ದಿನ ತಪ್ಪಿದರೂ ಹೂವು ಕೆಡುತ್ತದೆ. ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಸೋಮವಾರ, ಗುರುವಾರದ ಮಾರುಕಟ್ಟೆಗೆ ಲಕ್ಷಗಟ್ಟಲೆ ಚೀಲ. ಮೆಣಸಿನಕಾಯಿಯ ತುಂಬು ಬಿಡಿಸುವ ಹೆಂಗಸರು ಖಾರದ ಘಾಟಿನಲ್ಲಿ ಕೂತು ಸಂಜೆ ಮನೆಗೆ ಬಂದ ಮೇಲೆ, ಉರಿಯುವ ಬೆರಳಿನಲ್ಲಿ ಮಗಳ ತಲೆ ಸೋಸಬೇಕು. ಸೂಕ್ಷ್ಮ ಕೆಲಸಕ್ಕೆ ಹೆಸರಾದ ಕೈಗಳೇ ಅವು, ಬಿಡುವಷ್ಟೇ ಇಲ್ಲ. ಬಿಡುವಿಲ್ಲದ ಮನೆಗೆ ಬಾಟಲಿಯೇ ಗತಿ, ಆ ಬಾಟಲಿ ಇಂಗ್ಲಿಷಿನಲ್ಲಿದೆ.

ಶಾಲೆಗಳ ವರ್ತನೆಯೂ ತಿದ್ದಿಕೊಳ್ಳಬೇಕಾದದ್ದು. ತಲೆಯಲ್ಲಿ ಹೇನಿದೆಯೆಂದು ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳಿಸುವುದು, ಕೂದಲು ಕತ್ತರಿಸಿಕೊಂಡು ಬಾ ಎನ್ನುವುದು, ಎರಡು ದಿನ ಮನೆಗೆ ಅಟ್ಟುವುದು ಇವತ್ತಿಗೂ ನಡೆಯುತ್ತದೆ. ಹೇನು ಕೊಳಕಿನಿಂದ ಬರುವುದಲ್ಲ, ನಿನ್ನೆ ತೊಳೆದ ತಲೆಗೂ ಅದು ಅಷ್ಟೇ ಸಲೀಸಾಗಿ ಹತ್ತುತ್ತದೆ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ತಲೆಗೆ ತಲೆ ತಾಗಿದಾಗ ತೆವಳಿ ದಾಟುತ್ತದೆ. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ತಲೆಹೇನು ರೋಗ ಹರಡುವುದಿಲ್ಲ, ರಾತ್ರಿ ನಿದ್ದೆಗೆಡಿಸುತ್ತದೆ, ಕೆರೆದ ಗಾಯ ಕೀವಾಗುತ್ತದೆ, ಅಷ್ಟೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇನಿನ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಹೊರಗಿಡಬಾರದೆಂದು ವರ್ಷಗಳಿಂದ ಹೇಳುತ್ತಿದೆ. ನಮ್ಮ ಶಾಲೆಗಳ ಎರಡು ಜಡೆ-ರಿಬ್ಬನ್ ನಿಯಮವನ್ನು ಎಷ್ಟೇ ಹಳಿದರೂ ಕಟ್ಟಿದ ಕೂದಲಿಗೆ ಹೇನು ದಾಟುವುದು ಸ್ವಲ್ಪ ಕಷ್ಟ, ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ.

ಸರ್ಕಾರ ಏನು ಮಾಡಬಹುದು? ಹೊಸ ಇಲಾಖೆ ಬೇಡ, ದಾರಿ ಈಗಾಗಲೇ ಇದೆ. ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಆಗಸ್ಟಿನಲ್ಲಿ, ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ತಿನ್ನಿಸುತ್ತಾರೆ. ಹೊಟ್ಟೆಯ ಹುಳಕ್ಕೆ ಸರ್ಕಾರ ಹೊಣೆ ಹೊತ್ತಿದೆ, ತಲೆಯ ಹುಳಕ್ಕೆ ಹೊತ್ತಿಲ್ಲ. ಮೊರಾರ್ಜಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿ ಮತ್ತು ಹಾಸ್ಟೆಲುಗಳಲ್ಲಿ ಹಾಸಿಗೆಗೆ ಹಾಸಿಗೆ ತಾಗಿ ಮಲಗುವ ಹುಡುಗಿಯರಿಂದಲೇ ಶುರುಮಾಡಬೇಕು. ಒಬ್ಬಳಿಗೆ ಹಚ್ಚಿ ಪಕ್ಕದವಳನ್ನು ಬಿಟ್ಟರೆ ಮದ್ದು ದಂಡ. ಹೇನು ಕಂಡವರಿಗೆಲ್ಲ ಒಂದೇ ದಿನ ಹಚ್ಚಬೇಕು. ಹೇನಿಲ್ಲದವರಿಗೆ ಮುನ್ನೆಚ್ಚರಿಕೆಯೆಂದು ಹಚ್ಚಲೂಬಾರದು, ಅದರಿಂದಲೂ ಪ್ರತಿರೋಧ ಬೆಳೆಯುತ್ತದೆ. ಕೋಣೆಗೆ ಸ್ಪ್ರೇ ಹೊಡೆಯುವುದು ಬೇಕಿಲ್ಲ. ಹೊದಿಕೆ, ದಿಂಬಿನ ಚೀಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಮುಗಿಯಿತು.

ಲೇಬಲ್ಲಿನ ಕನ್ನಡಕ್ಕೆ ದಿಲ್ಲಿಯಲ್ಲಿ ನಿಯಮ ತಿದ್ದಬೇಕು, ಅದಕ್ಕೆ ಒತ್ತಾಯ ನಡೆಯಲಿ. ಅಲ್ಲಿಯವರೆಗೆ ಹಾವೇರಿಯ ಜಿಲ್ಲಾ ಆರೋಗ್ಯ ಇಲಾಖೆ ಔಷಧ ವ್ಯಾಪಾರಿಗಳನ್ನು ಕೂರಿಸಿಕೊಂಡು ಅಂಗೈಯಗಲದ ಒಂದು ಕನ್ನಡ ಚೀಟಿ ಅಚ್ಚು ಹಾಕಿಸಬಹುದು. ಎಣ್ಣೆ ತೆಗೆದು ಹಚ್ಚಿ, ಹತ್ತು ನಿಮಿಷ, ಒಂಬತ್ತನೇ ದಿನ ಮತ್ತೊಮ್ಮೆ, ಕಣ್ಣು ಜೋಪಾನ, ಹೊಲದ ಔಷಧಿ ತಲೆಗೆ ಬೇಡ. ಐದು ಸಾಲಿನ ಆ ಚೀಟಿ ಮೊದಲು ಹೋಗಬೇಕಾದದ್ದು ಮೆಡಿಕಲ್ ಶಾಪಿಗೆ, ಅದರ ಹಿಂದೆಯೇ ಗೊಬ್ಬರದ ಅಂಗಡಿಗೂ.